ಮೂಲೆಗುಂಪಾದ ಗಾನಮುದ್ರಿಕೆಗಳು

ಕೀರ್ತಿಯು ಯೋಗ್ಯತೆಯ ನೆರಳೆಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ವಸ್ತುವಿದ್ದ ಮೇಲೆ ನೆರಳೂ ಇರಲೇಬೇಕೆಂಬುದು ಈ ನಂಬಿಕೆಯ ತರ್ಕ. ಆದರೆ ನೆರಳು ಬೀಳುವುದಕ್ಕೆ ವಸ್ತುವೊಂದೇ ಸಾಲದು, ಬೆಳಕೂ ಬೇಕು. ಆ ಬೆಳಕು ಯಾವ ಕಡೆಯಿಂದ ಬಂದೀತು, ಎಷ್ಟು ಹೊತ್ತು ನಿಂತೀತು ಎಂಬುದು ವಸ್ತುವಿನ ಕೈಯಲ್ಲಿಲ್ಲ. ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಅಟ್ಟದ ಮೇಲೆ ಕಟ್ಟಿಟ್ಟ ಓಲೆಗರಿಗಳಲ್ಲಿ ಶತಮಾನಗಳ ಕಾಲ ಮಲಗಿದ್ದ ಕಾವ್ಯಗಳನ್ನು ನಾವು ಬಲ್ಲೆವು. ಆದರೆ ಸಾವಿರಗಟ್ಟಲೆ ಪ್ರತಿಗಳನ್ನು ತೆಗೆಯಬಲ್ಲ ಕಾರ್ಖಾನೆಗಳೂ ದೇಶವಿಡೀ ಮೊಳಗುವ ರೇಡಿಯೋವೂ ಇದ್ದ ಯಂತ್ರಯುಗದಲ್ಲಿ ಇಂಥದೇ ಮರೆವು ನಡೆಯಿತೆಂದರೆ ಆಶ್ಚರ್ಯವಾಗುತ್ತದೆ. ೧೯೬೦ರ ದಶಕದ ಇಂಗ್ಲೆಂಡ್ ಮತ್ತು ಅಮೆರಿಕಗಳ ಪಾಪ್ ಸಂಗೀತದಲ್ಲಿ ನಡೆದದ್ದು ಅದೇ.

ಆ ದಶಕವೆಂದರೆ ನಮಗೆ ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಬಾಬ್ ಡಿಲನ್ ಮುಂತಾದ ಹತ್ತಾರು ಹೆಸರುಗಳು ನೆನಪಾಗುತ್ತವೆ. ಅವರ ಬೆನ್ನ ಹಿಂದೆ ನೂರಾರು ತಂಡಗಳು, ಒಂಟಿ ಗಾಯಕ ಗಾಯಕಿಯರು ಒಂದೋ ಎರಡೋ ರಿಕಾರ್ಡುಗಳನ್ನು ಹೊರತಂದು, ಯಾರ ಕಿವಿಗೂ ಬೀಳದೆ, ಮನೆಗೆ ಮರಳಿದರು. ಅವರು ಬಿಟ್ಟುಹೋದ ತಟ್ಟೆಗಳನ್ನು ಹಳೆಯ ಸಾಮಾನಿನ ಅಂಗಡಿಗಳಲ್ಲಿ, ಇಗರ್ಜಿಯ ಸಹಾಯಾರ್ಥ ಮಾರಾಟಗಳಲ್ಲಿ, ಸತ್ತವರ ಮನೆಯ ಹರಾಜುಗಳಲ್ಲಿ ಹುಡುಕುತ್ತ ಅಲೆಯುವ ಸಂಗ್ರಾಹಕರ ಬಳಗವೊಂದು ಅರ್ಧ ಶತಮಾನದಿಂದ ಬೆಳೆದುಬಂದಿದೆ. ಲೋಕದ ಕಣ್ಣಿಗೆ ಇದೊಂದು ಹುಚ್ಚು. ಆದರೆ ಈ ಹುಚ್ಚಿನಿಂದ ಕೆಲವು ಜೀವಗಳಿಗೆ ತಡವಾಗಿಯಾದರೂ ನ್ಯಾಯ ದೊರೆತಿದೆ. ಆದುದರಿಂದ ಇದನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಉಚಿತ.

ಸುಗ್ಗಿ ಮತ್ತು ಹೊಟ್ಟು

ಇಷ್ಟೊಂದು ಸಂಗೀತ ಹುಟ್ಟಿ ಇಷ್ಟು ಬೇಗ ಕಣ್ಮರೆಯಾದದ್ದಕ್ಕೆ ಕಾರಣಗಳಿವೆ. ನಿಮಿಷಕ್ಕೆ ೩೩ ೧/೩ ಸುತ್ತು ತಿರುಗುವ ದೊಡ್ಡ ತಟ್ಟೆಯನ್ನು ಅಮೆರಿಕದ ಕೊಲಂಬಿಯಾ ಕಂಪೆನಿ ೧೯೪೮ರಲ್ಲಿ ಮಾರುಕಟ್ಟೆಗೆ ತಂದಿತು. ಒಂದೊಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡು ಹಿಡಿಸುವ ಈ ಲಾಂಗ್‌ಪ್ಲೇ ರಿಕಾರ್ಡು ಮೊದಮೊದಲು ಶಾಸ್ತ್ರೀಯ ಸಂಗೀತಕ್ಕೂ ನಾಟಕಗಳ ಹಾಡುಗಳಿಗೂ ಮೀಸಲಾದಂತಿತ್ತು. ಹುಡುಗರ ಪಾಪ್ ಹಾಡು ಒಂದೆರಡು ಹಾಡಿನ ಪುಟ್ಟ ತಟ್ಟೆಯಲ್ಲಿ ತೃಪ್ತಿಪಟ್ಟುಕೊಳ್ಳುತ್ತಿತ್ತು. ೧೯೬೪ರ ಫೆಬ್ರುವರಿಯಲ್ಲಿ ಬೀಟಲ್ಸ್ ಅಮೆರಿಕಕ್ಕೆ ಕಾಲಿಟ್ಟ ಮೇಲೆ ಗಿಟಾರು ಹಿಡಿದ ಹುಡುಗನನ್ನು ಕಂಡರೆ ಕಂಪೆನಿಗಳು ಕರಾರುಪತ್ರ ಹಿಡಿದು ಓಡತೊಡಗಿದವು. ೧೯೬೭ರ ಜೂನಿನಲ್ಲಿ ಅದೇ ತಂಡದ ‘ಸಾರ್ಜೆಂಟ್ ಪೆಪ್ಪರ್’ ಬಂದ ಬಳಿಕ ಲಾಂಗ್‌ಪ್ಲೇ ರಿಕಾರ್ಡು ಆದ್ಯಂತವಾಗಿ ಕೇಳಬೇಕಾದ ಒಂದು ಕೃತಿಯೆಂಬ ಮನ್ನಣೆಯನ್ನು ಪಡೆಯಿತು. ಇಪ್ಪತ್ತರ ಆಸುಪಾಸಿನ ತರುಣರಿಗೂ ಸ್ಟುಡಿಯೋ, ಪಿಟೀಲು ಚೆಲ್ಲೋಗಳ ಮೇಳ, ಪ್ರಯೋಗಕ್ಕೆ ಬೇಕಾದ ಹೊತ್ತು ದೊರಕತೊಡಗಿದವು.

ಹೀಗೆ ಬೆಳೆ ಹುಲುಸಾಗಿ ಬಂದಿತು. ಆದರೆ ಕಣಜದ ಬಾಯಿ ಕಿರಿದಾಗಿತ್ತು. ಅಮೆರಿಕದ ರೇಡಿಯೋ ನಿಲಯಗಳು ಆರಿಸಿದ ನಲವತ್ತು ಹಾಡುಗಳನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದವು. ಇಂಗ್ಲೆಂಡಿನಲ್ಲಿ ಕಡಲ ಮೇಲಿನ ಹಡಗುಗಳಿಂದ ಹಗಲಿರುಳೂ ಹೊಸ ಹಾಡುಗಳನ್ನು ಬಿತ್ತರಿಸುತ್ತಿದ್ದ ಅನಧಿಕೃತ ನಿಲಯಗಳಿಗೆ ೧೯೬೭ರ ಆಗಸ್ಟಿನಲ್ಲಿ ಕಾಯಿದೆಯ ಮೂಲಕ ತಡೆ ಬಿತ್ತು. ಮರುತಿಂಗಳ ಕೊನೆಗೆ ಬಿ.ಬಿ.ಸಿ.ಯ ‘ರೇಡಿಯೋ ಒನ್’ ಶುರುವಾಯಿತು. ಇಷ್ಟು ಸಣ್ಣ ಬಾಗಿಲಿನಲ್ಲಿ ಅಷ್ಟು ಜನ ನುಗ್ಗುವುದೆಂತು? ಒಂದೆರಡು ವಾರಗಳಲ್ಲಿ ಸದ್ದು ಮಾಡದ ರಿಕಾರ್ಡನ್ನು ಕಂಪೆನಿ ಮರೆತುಬಿಡುತ್ತಿತ್ತು. ಅಮೆರಿಕದಲ್ಲಿ ಮಾರಾಟವಾಗದೆ ಹಿಂದಿರುಗಿದ ರಿಕಾರ್ಡುಗಳ ಹೊದಿಕೆಯ ಮೂಲೆಯನ್ನು ಕತ್ತರಿಸಿಯೋ ತೂತು ಕೊರೆದೋ ಚಿಲ್ಲರೆ ಬೆಲೆಗೆ ಮಾರಿಬಿಡುವ ಪದ್ಧತಿಯಿತ್ತು. ಕಿವಿ ಕತ್ತರಿಸಿಕೊಂಡ ಈ ಅನಾಥ ತಟ್ಟೆಗಳೇ ಮುಂದೆ ಎಷ್ಟೋ ಸಂಗ್ರಾಹಕರ ಮೊದಲ ಆಸ್ತಿಯಾದವು.

ಕಾಗುಣಿತ ತಪ್ಪಿದ ಒಂದು ಕೃತಿ

ಉಪೇಕ್ಷೆಗೆ ಗುರಿಯಾದ ಕೃತಿಗಳಲ್ಲಿ ಇಂದು ಬಹುಶಃ ಎಲ್ಲಕ್ಕಿಂತ ಹೆಸರಾದದ್ದು ‘ಜಾಂಬೀಸ್’ ತಂಡದ ‘ಒಡೆಸಿ ಅಂಡ್ ಒರಾಕಲ್’. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನ ಐವರು ತರುಣರ ತಂಡ ಅದು. ೧೯೬೪ರಲ್ಲಿ ಅವರ ಮೊದಲ ಹಾಡು ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಏರಿತ್ತು. ಆಮೇಲೆ ಅದೃಷ್ಟ ಮುಖ ತಿರುಗಿಸಿತು. ಬೇರ್ಪಡುವ ಮುನ್ನ ತಮ್ಮ ಮನಸ್ಸಿಗೊಪ್ಪುವ ಒಂದು ಕೃತಿಯನ್ನಾದರೂ ಮಾಡೋಣವೆಂದು ೧೯೬೭ರ ಬೇಸಗೆಯಲ್ಲಿ ಸಿ.ಬಿ.ಎಸ್. ಕಂಪೆನಿ ಕೊಟ್ಟ ೧೦೦೦ ಪೌಂಡಿನೊಳಗೆ ಕೆಲಸಕ್ಕೆ ತೊಡಗಿದರು. ಲಂಡನ್ನಿನ ಆಬಿ ರೋಡಿನ ಸ್ಟುಡಿಯೋದಲ್ಲಿ ಬೀಟಲ್ಸ್ ‘ಸಾರ್ಜೆಂಟ್ ಪೆಪ್ಪರ್’ ಮುಗಿಸಿ ಹೋದ ಸ್ವಲ್ಪ ಕಾಲಕ್ಕೇ ಇವರ ಪ್ರವೇಶವಾಯಿತು. ಹಣ ಕಡಿಮೆಯಾದ್ದರಿಂದ ಹಾಡುಗಳನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡೇ ಬರಬೇಕಾಗಿತ್ತು. ಕೆಲಸ ಮುಗಿದ ಮೇಲೆ ಕಂಪೆನಿಯು ಎರಡು ಕಿವಿಗೆ ಬೇರೆ ಬೇರೆಯಾಗಿ ಕೇಳುವ ಸ್ಟೀರಿಯೋ ಪ್ರತಿಯೂ ಬೇಕೆಂದಾಗ, ಹಾಡು ಕಟ್ಟಿದ ರಾಡ್ ಆರ್ಜೆಂಟ್ ಮತ್ತು ಕ್ರಿಸ್ ವೈಟ್ ತಮ್ಮ ಸ್ವಂತ ಗೌರವಧನದಿಂದಲೇ ಆ ಖರ್ಚನ್ನು ಭರಿಸಿದರು. ಹೊದಿಕೆಯ ಚಿತ್ರ ಬರೆದ ಕಲಾವಿದ ಶೀರ್ಷಿಕೆಯಲ್ಲಿ ಒಂದಕ್ಷರ ತಪ್ಪಿದ; ತಿದ್ದಲು ಹೊತ್ತಿರಲಿಲ್ಲವಾಗಿ ಅದು ಹಾಗೆಯೇ ಉಳಿಯಿತು.

ಆ ಹಾಡುಗಳ ವಸ್ತುವೈವಿಧ್ಯ ಗಮನಾರ್ಹವಾದುದು. ಸೆರೆಮನೆಯಿಂದ ಬಿಡುಗಡೆಯಾಗಿ ಬರಲಿರುವ ನಲ್ಲೆಗೆ ಬರೆದ ಕಾಗದ ಒಂದರಲ್ಲಿದ್ದರೆ, ಮೊದಲ ಮಹಾಯುದ್ಧದ ಕಂದಕದಲ್ಲಿ ನಡುಗುತ್ತಿರುವ ಕಟುಕನೊಬ್ಬನ ಗೋಳು ಇನ್ನೊಂದರಲ್ಲಿದೆ. ಕಾಗದದ ಹಾಡಿನ ಸಂತೋಷವೆಷ್ಟೆಂದರೆ, ಸೆರೆಮನೆಯ ಸುಳಿವು ಹತ್ತುವುದಕ್ಕೆ ಅದನ್ನು ಎರಡನೆಯ ಸಲ ಕೇಳಬೇಕಾಗುತ್ತದೆ. ಇಂಥ ಕೃತಿ ೧೯೬೮ರ ಏಪ್ರಿಲಿನಲ್ಲಿ ಹೊರಬಂದಾಗ ತಂಡವೇ ಇರಲಿಲ್ಲ. ಹಿಂದಿನ ಡಿಸೆಂಬರಿನಲ್ಲೇ ಚದರಿಹೋಗಿತ್ತು. ಹಾಡುಗಾರ ಕಾಲಿನ್ ಬ್ಲನ್‌ಸ್ಟನ್ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆಗೆ ಸೇರಿದ್ದರು. ಅಮೆರಿಕದ ಸಂಗೀತಗಾರ ಆಲ್ ಕೂಪರ್ ಈ ರಿಕಾರ್ಡನ್ನು ಕೇಳಿ ಬೆರಗಾಗಿ, ಕೊಲಂಬಿಯಾ ಕಂಪೆನಿಯ ಮೇಲೆ ಒತ್ತಡ ಹೇರಿ ಅಲ್ಲಿ ಬಿಡುಗಡೆ ಮಾಡಿಸದೇ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ೧೯೬೯ರ ಆರಂಭದಲ್ಲಿ ಅದರ ಕೊನೆಯ ಹಾಡು ಅಮೆರಿಕದಲ್ಲಿ ಮೂರನೆಯ ಸ್ಥಾನಕ್ಕೇರಿತು. ನಿಜವಾದ ತಂಡವಿಲ್ಲವೆಂಬುದನ್ನು ತಿಳಿದ ಕೆಲವರು ಅದೇ ಹೆಸರಿನಲ್ಲಿ ನಕಲಿ ತಂಡಗಳನ್ನು ಕಟ್ಟಿ ಊರೂರು ತಿರುಗಿ ಹಣ ಮಾಡಿದರು! ಕೃತಿಯನ್ನು ಆದ್ಯಂತವಾಗಿ ವೇದಿಕೆಯ ಮೇಲೆ ಹಾಡುವ ಸುಯೋಗ ಬದುಕಿದ್ದ ನಾಲ್ವರಿಗೆ ಒದಗಿದ್ದು ೨೦೦೮ರಲ್ಲಿ, ನಲವತ್ತು ವರ್ಷಗಳ ಬಳಿಕ. ಐದನೆಯವರಾದ ಪಾಲ್ ಅಟ್ಕಿನ್ಸನ್ ೨೦೦೪ರಲ್ಲಿಯೇ ತೀರಿಕೊಂಡಿದ್ದರು.

ಅಂಗಡಿಯನ್ನೇ ಕಾಣದವರು

ಜಾಂಬೀಸ್ ತಂಡಕ್ಕಾದರೂ ಒಂದು ಹಾಡಿನ ಕೀರ್ತಿ ಬಂದಿತು. ಬಿಲಿ ನಿಕಲ್ಸ್ ಎಂಬ ಲಂಡನ್ನಿನ ಹುಡುಗನ ಪಾಡು ಬೇರೆ. ರೋಲಿಂಗ್ ಸ್ಟೋನ್ಸ್ ತಂಡದ ವ್ಯವಸ್ಥಾಪಕರಾಗಿದ್ದ ಆಂಡ್ರೂ ಓಲ್ಡ್‌ಹ್ಯಾಂ ತಮ್ಮ ‘ಇಮ್ಮೀಡಿಯೆಟ್’ ಕಂಪೆನಿಯಲ್ಲಿ ಆತನಿಗೆ ಹಾಡು ಬರೆಯುವ ಕೆಲಸ ಕೊಟ್ಟರು. ಅಮೆರಿಕದ ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ ಕೃತಿಗೆ ಇಂಗ್ಲೆಂಡಿನ ಉತ್ತರವಾಗಬೇಕೆಂಬ ಹಂಬಲದಿಂದ ೧೯೬೮ರಲ್ಲಿ ‘ವುಡ್ ಯು ಬಿಲೀವ್’ ಸಿದ್ಧವಾಯಿತು. ಕಂಪೆನಿಯ ಹಣಕಾಸು ಕೆಟ್ಟುಹೋಗಿ, ಪರಿಚಯಕ್ಕೆಂದು ಹಂಚಿದ ಸುಮಾರು ನೂರು ಪ್ರತಿಗಳಲ್ಲದೆ ಮತ್ತೇನೂ ಹೊರಬೀಳಲಿಲ್ಲ. ಆ ನೂರರಲ್ಲಿ ಒಂದು ಕೈಗೆ ಸಿಕ್ಕಿದರೆ ಸಂಗ್ರಾಹಕರು ಸಾವಿರಾರು ಪೌಂಡು ಎಣಿಸುತ್ತಾರೆ. ನಿಕಲ್ಸ್ ಸಂಗೀತವನ್ನು ಬಿಡಲಿಲ್ಲ. ಅವರು ಕಟ್ಟಿದ ಹಾಡೊಂದನ್ನು ೧೯೭೮ರಲ್ಲಿ ಲಿಯೋ ಸೇಯರ್, ೨೦೦೨ರಲ್ಲಿ ಫಿಲ್ ಕಾಲಿನ್ಸ್ ಹಾಡಿ ಜನಪ್ರಿಯಗೊಳಿಸಿದರು. ಹಾಡು ಊರೆಲ್ಲ ಸುತ್ತಿತು, ಕಟ್ಟಿದವರ ಹೆಸರು ಮನೆಯಲ್ಲೇ ಉಳಿಯಿತು.

ನ್ಯೂಯಾರ್ಕಿನ ಮಾರ್ಗೊ ಗುರ್ಯಾನ್ ಅವರದು ಇನ್ನೊಂದು ಬಗೆ. ೧೯೩೭ರಲ್ಲಿ ಹುಟ್ಟಿದ ಈಕೆ ಜಾಝ್ ಸಂಗೀತದಲ್ಲಿ ಶಿಕ್ಷಣ ಪಡೆದವರು; ಪಾಪ್ ಎಂದರೆ ಅಷ್ಟಕ್ಕಷ್ಟೆ. ೧೯೬೬ರಲ್ಲಿ ಬೀಚ್ ಬಾಯ್ಸ್ ತಂಡದ ಒಂದು ಹಾಡನ್ನು ಕೇಳಿದ್ದೇ ಅವರ ದಿಕ್ಕು ಬದಲಾಯಿತು. ಅವರು ಬರೆದ ಭಾನುವಾರದ ಬೆಳಗಿನ ಹಾಡೊಂದನ್ನು ಬೇರೆ ತಂಡ ಹಾಡಿ ಹೆಸರು ಮಾಡಿತು. ೧೯೬೮ರಲ್ಲಿ ಅವರದೇ ದನಿಯಲ್ಲಿ ‘ಟೇಕ್ ಎ ಪಿಕ್ಚರ್’ ಹೊರಬಂದಿತು. ಕಿವಿಯ ಬಳಿ ಗುಟ್ಟು ಹೇಳಿದಂಥ ಮೆಲುದನಿ ಅವರದು. ಊರೂರು ತಿರುಗಿ ಹಾಡಬೇಕೆಂದು ಕಂಪೆನಿ ಬಯಸಿತು, ಅವರು ಒಲ್ಲೆನೆಂದರು. ಕಂಪೆನಿಯೂ ಪ್ರಚಾರದಿಂದ ಕೈತೊಳೆದುಕೊಂಡಿತು. ಅವರು ಪಿಯಾನೋ ಪಾಠ ಹೇಳುತ್ತ ಬಾಳಿದರು. ಜಪಾನ್ ಮುಂತಾದ ಕಡೆಯ ರಸಿಕರು ಹಳೆಯ ಪ್ರತಿಗಳನ್ನು ಅರಸಿ ಅರಸಿ ಕೊಳ್ಳುತ್ತಿದ್ದರು. ೨೦೦೦ದಲ್ಲಿ ಕೃತಿ ಮರುಮುದ್ರಣ ಕಂಡಿತು. ೨೦೨೧ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಅವರು ಹಾಡಿದ ಕಾಲದಲ್ಲಿ ಇನ್ನೂ ಹುಟ್ಟಿರದ ತಲೆಮಾರು ಅವರನ್ನು ಕೇಳುತ್ತಿತ್ತು.

ಆದರೆ ಈ ಬಗೆಯ ಕಥೆಗಳಲ್ಲಿ ಮನಸ್ಸನ್ನು ಹೆಚ್ಚು ತಟ್ಟುವುದು ವಾಶ್ಟಿ ಬನ್ಯನ್ ಅವರದು. ೧೯೪೫ರಲ್ಲಿ ಹುಟ್ಟಿದ ಈಕೆಗೆ ೧೯೬೫ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಜ್ಯಾಗರ್ ಮತ್ತು ರಿಚರ್ಡ್ಸ್ ಬರೆದ ಹಾಡೇ ಸಿಕ್ಕಿತ್ತು, ಅದು ಗೆಲ್ಲಲಿಲ್ಲ. ಲಂಡನ್ನಿನ ಸಹವಾಸ ಸಾಕಾಗಿ ೧೯೬೮ರಲ್ಲಿ ಸಂಗಾತಿಯೊಡನೆ ಕುದುರೆಗಾಡಿಯನ್ನೇರಿ, ಗಾಯಕ ಡೊನೊವನ್ ಕಲಾವಿದರ ನೆಲೆಯೊಂದನ್ನು ಕಟ್ಟುತ್ತಿದ್ದಾರೆಂಬ ಸುದ್ದಿಯನ್ನು ನಂಬಿ, ಸ್ಕಾಟ್ಲೆಂಡಿನ ಸ್ಕೈ ದ್ವೀಪದತ್ತ ಹೊರಟರು. ದಾರಿಯಲ್ಲಿ ಕೂಲಿ ನಾಲಿ ಮಾಡುತ್ತ, ಸುಮಾರು ಒಂದೂವರೆ ವರ್ಷ ಕಳೆದು ಅಲ್ಲಿಗೆ ತಲಪಿದಾಗ ನೆಲೆ ಚದರಿಹೋಗಿತ್ತು. ಪ್ರಯಾಣದ ಗಳಿಕೆಯೆಂದರೆ ದಾರಿಯುದ್ದಕ್ಕೂ ಹುಟ್ಟಿಕೊಂಡ ಹಾಡುಗಳು: ಕುದುರೆ, ಹೊಲ, ಮಳೆ, ಒಲೆಯ ಬೆಂಕಿ, ಮರುದಿನದ ಹಾದಿ. ೧೯೬೯ರ ಕೊನೆಗೆ ಜೋ ಬಾಯ್ಡ್ ಅವನ್ನು ಮುದ್ರಿಸಿದರು. ‘ಜಸ್ಟ್ ಅನದರ್ ಡೈಮಂಡ್ ಡೇ’ ಎಂಬ ಹೆಸರಿನಿಂದ ೧೯೭೦ರ ಡಿಸೆಂಬರಿನಲ್ಲಿ ಅದು ಪ್ರಕಟವಾಯಿತು. ಮಾರಾಟವಾದದ್ದು ಕೆಲವೇ ನೂರು ಪ್ರತಿ. ಆಕೆ ಗಿಟಾರನ್ನು ಮೂಲೆಗಿಟ್ಟು, ಮಕ್ಕಳು ಮರಿ ಎಂದು ಮೂವತ್ತು ವರ್ಷ ಸಂಗೀತದ ಗೊಡವೆಯನ್ನೇ ಬಿಟ್ಟರು.

೧೯೯೭ರಲ್ಲಿ ಕಂಪ್ಯೂಟರಿನಲ್ಲಿ ತಮ್ಮ ಹೆಸರನ್ನು ಹುಡುಕಿನೋಡಿದಾಗ, ತಮ್ಮ ಸೋತ ರಿಕಾರ್ಡಿಗಾಗಿ ಸಂಗ್ರಾಹಕರು ಹಾತೊರೆಯುತ್ತಿದ್ದಾರೆಂಬುದು ಅವರಿಗೆ ತಿಳಿಯಿತು. ೨೦೦೦ದಲ್ಲಿ ಅದು ಮತ್ತೆ ಬೆಳಕು ಕಂಡಿತು. ೨೦೦೫ರಲ್ಲಿ ಅವರು ಎರಡನೆಯ ಕೃತಿಯನ್ನು, ೨೦೧೪ರಲ್ಲಿ ಮೂರನೆಯದನ್ನು ಹೊರತಂದರು. ಮೊದಲ ಕೃತಿಗೂ ಎರಡನೆಯದಕ್ಕೂ ನಡುವೆ ಮೂವತ್ತೈದು ವರ್ಷಗಳ ಮೌನ! ಸಂಗ್ರಾಹಕರ ಹುಚ್ಚು ಆ ಮೌನವನ್ನು ಮುರಿಯಿತೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ಸಂಗ್ರಾಹಕನ ವಿದ್ಯೆ

ಈ ಹುಡುಕಾಟಕ್ಕೆ ತನ್ನದೇ ಆದ ಶಾಸ್ತ್ರವುಂಟು. ಗ್ರಂಥಸಂಪಾದಕನು ಪಾಠಾಂತರಗಳನ್ನು ಹೋಲಿಸುವಂತೆಯೇ ಸಂಗ್ರಾಹಕನು ಮುದ್ರಣಾಂತರಗಳನ್ನು ಹೋಲಿಸುತ್ತಾನೆ. ಹಾಡು ಮುಗಿದ ಮೇಲೆ ಮುಳ್ಳು ಓಡುವ, ನಡುವಣ ಚೀಟಿಗೆ ಅಂಟಿಕೊಂಡ ಬರಿಯ ಜಾಗದಲ್ಲಿ ಕೆಲವು ಅಕ್ಷರಗಳೂ ಅಂಕೆಗಳೂ ಕೊರೆದಿರುತ್ತವೆ. ತಟ್ಟೆ ಯಾವ ಅಚ್ಚಿನಿಂದ ಬಂದದ್ದೆಂಬುದು ಅವುಗಳಿಂದ ತಿಳಿಯುತ್ತದೆ. ಚೀಟಿಯ ಬಣ್ಣ, ಹೊದಿಕೆಯ ಅಂಚನ್ನು ಮಡಿಸಿ ಅಂಟಿಸಿದ ರೀತಿ, ಕಂಪೆನಿಯ ವಿಳಾಸ, ಇವೆಲ್ಲ ಕಾಲನಿರ್ಣಯಕ್ಕೆ ಆಧಾರ. ಒಂದೇ ಕೃತಿಯ ಮಾನೋ ಪ್ರತಿಗೂ ಸ್ಟೀರಿಯೋ ಪ್ರತಿಗೂ ವಾದ್ಯಗಳ ಹದದಲ್ಲಿ, ಕೆಲವೊಮ್ಮೆ ಹಾಡಿನ ಉದ್ದದಲ್ಲಿಯೂ ವ್ಯತ್ಯಾಸವಿರುತ್ತದೆ. ತಟ್ಟೆಯ ಆರೋಗ್ಯವನ್ನು ಅಳೆಯುವುದಕ್ಕೂ ಒಪ್ಪಿಕೊಂಡ ದರ್ಜೆಗಳಿವೆ. ಒಂದು ಗೀರು ಬೆಲೆಯನ್ನು ಅರ್ಧಕ್ಕಿಳಿಸಬಲ್ಲದು.

ಈ ವಿದ್ಯೆಗೆ ಗೌರವ ತಂದುಕೊಟ್ಟ ಒಂದು ಸಂಕಲನವನ್ನು ಹೆಸರಿಸಬೇಕು. ೧೯೭೨ರಲ್ಲಿ ಎಲೆಕ್ಟ್ರಾ ಕಂಪೆನಿಗಾಗಿ ಲೆನಿ ಕೇ ಎಂಬ ತರುಣ ೧೯೬೫ರಿಂದ ೧೯೬೮ರ ನಡುವಣ ೨೭ ಹಾಡುಗಳನ್ನು ಆರಿಸಿ ‘ನಗೆಟ್ಸ್’ ಎಂಬ ಜೋಡಿ ರಿಕಾರ್ಡನ್ನು ಸಿದ್ಧಪಡಿಸಿದರು. ಕೆಲವು ಹಾಡುಗಳು ತಕ್ಕಮಟ್ಟಿಗೆ ಜನ ಕೇಳಿದವು, ಹಲವು ಬರಿಯ ಊರಿನ ಮಟ್ಟದಲ್ಲಿ ಸದ್ದು ಮಾಡಿದವು. ಅವು ನಿಂತುಹೋಗಿ ನಾಲ್ಕಾರು ವರ್ಷಗಳಷ್ಟೆ ಆಗಿದ್ದರೂ ಜನರ ನೆನಪಿನಿಂದ ಆಗಲೇ ಜಾರುತ್ತಿದ್ದವು. ಲೆನಿ ಕೇ ಅವುಗಳಿಗೆ ಪಳೆಯುಳಿಕೆಗಳ ಮರ್ಯಾದೆಯನ್ನು ಕೊಟ್ಟು ಟಿಪ್ಪಣಿ ಬರೆದರು. ಮುಂದಿನ ಅನೇಕ ಸಂಕಲನಗಳಿಗೆ ಅದು ಮೇಲ್ಪಂಕ್ತಿಯಾಯಿತು.

ಸಂಗ್ರಹದ ಇನ್ನೊಂದು ಪ್ರಯೋಜನ ಮೇಲುನೋಟಕ್ಕೆ ಕಾಣುವುದಿಲ್ಲ. ಕಂಪೆನಿಗಳ ಉಗ್ರಾಣದಲ್ಲಿ ಮೂಲ ಸುರುಳಿಗಳು ಭದ್ರವಾಗಿವೆಯೆಂಬುದು ಬರಿಯ ನಂಬಿಕೆ. ಬಿ.ಬಿ.ಸಿ. ಆ ಕಾಲದ ಎಷ್ಟೋ ಸುರುಳಿಗಳನ್ನು ಅಳಿಸಿ ಮತ್ತೆ ಬಳಸಿತು. ೨೦೦೮ರ ಜೂನ್ ೧ರಂದು ಹಾಲಿವುಡ್ಡಿನ ಯೂನಿವರ್ಸಲ್ ಆವರಣದಲ್ಲಿ ಬೆಂಕಿ ಬಿದ್ದಾಗ ಅಲ್ಲಿ ಇರಿಸಿದ್ದ ಸಂಗೀತದ ಮೂಲ ಸುರುಳಿಗಳೂ ಸುಟ್ಟವು. ಈ ನಷ್ಟದ ವಿಚಾರ ೨೦೧೯ರಲ್ಲಿ ಪತ್ರಿಕೆಯೊಂದು ಬರೆದಾಗಲೇ ಲೋಕಕ್ಕೆ ವಿಶದವಾಗಿ ತಿಳಿದದ್ದು. ಮೂಲ ಹೋದ ಮೇಲೆ ಯಾರದೋ ಕಪಾಟಿನಲ್ಲಿರುವ ತಟ್ಟೆಯೇ ಮೂಲ. ಹಲವು ಮರುಮುದ್ರಣಗಳು ಹೀಗೆ ಸಂಗ್ರಾಹಕರ ಪ್ರತಿಯಿಂದಲೇ ತೆಗೆದವು.

ಗುಣವೂ ದೋಷವೂ

ಇಷ್ಟು ಹೇಳಿದ ಮೇಲೆ ಇದರ ದೋಷಗಳನ್ನು ಮುಚ್ಚಿಡುವುದು ಸಲ್ಲದು. ಮೊದಲನೆಯದು, ಅಪರೂಪವನ್ನೇ ಗುಣವೆಂದು ಭ್ರಮಿಸುವುದು. ಯಾರೂ ಕೇಳದ ಹಾಡೆಲ್ಲ ಒಳ್ಳೆಯ ಹಾಡಲ್ಲ. ಬಹುಪಾಲನ್ನು ಕಾಲ ಸರಿಯಾಗಿಯೇ ತೂರಿ ಬಿಸಾಡಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಪ್ರಾಂತದ ಫ್ರೀಮಾಂಟ್ ಎಂಬ ಸಣ್ಣ ಊರಿನ ವಿಗಿನ್ ಮನೆತನದ ಅಕ್ಕತಂಗಿಯರು ತಂದೆಯ ಒತ್ತಾಯದಿಂದ ‘ಶ್ಯಾಗ್ಸ್’ ಎಂಬ ತಂಡ ಕಟ್ಟಿ ೧೯೬೯ರಲ್ಲಿ ಒಂದು ರಿಕಾರ್ಡು ಮಾಡಿದರು. ಶ್ರುತಿ ತಾಳಗಳೆರಡೂ ಅಲ್ಲಿ ತಮ್ಮ ತಮ್ಮ ದಾರಿ ಹಿಡಿದಿವೆ. ೧೯೮೦ರಲ್ಲಿ ಅದು ಮರುಮುದ್ರಣಗೊಂಡಾಗ ಕೆಲವರು ಅದರಲ್ಲಿ ಮುಗ್ಧತೆಯ ಸೊಬಗನ್ನು ಕಂಡರು, ಕೆಲವರು ನಕ್ಕರು. ಕೇಳುವವನು ತನ್ನ ಕಿವಿಯನ್ನು ಪ್ರಾಮಾಣಿಕವಾಗಿ ಪ್ರಶ್ನಿಸಿಕೊಳ್ಳಬೇಕು: ನನಗೆ ಹಿಡಿಸಿದ್ದು ಹಾಡೋ, ಹಾಡಿನ ದುರದೃಷ್ಟವೋ?

ಎರಡನೆಯದು ಹಣದ ವಿಚಾರ. ಹಳೆಯ ತಟ್ಟೆ ಸಾವಿರಾರು ಪೌಂಡಿಗೆ ಮಾರಾಟವಾದರೆ ಹಾಡಿದವರಿಗೆ ಅದರಲ್ಲಿ ಬಿಡಿಕಾಸೂ ಸಲ್ಲುವುದಿಲ್ಲ. ಅದು ಕೊಂಡವರ ಮತ್ತು ಮಾರುವವರ ನಡುವಣ ವ್ಯವಹಾರ. ಅನುಮತಿಯಿಲ್ಲದೆ ತೆಗೆದ ಕಳ್ಳಮುದ್ರಣಗಳಿಂದಲೂ ಅವರಿಗೆ ಬರುವುದೇನಿಲ್ಲ. ಒಬ್ಬ ವೃದ್ಧ ಗಾಯಕನ ಹಾಡಿನಿಂದ ಊರೆಲ್ಲ ಬೆಳಕಾಗಿ ಅವನ ಮನೆಯೊಂದೇ ಕತ್ತಲಾಗಿರುವುದು ರಸಿಕತೆಗೆ ಶೋಭೆಯೆ? ಬ್ರಿಟನ್ನಿನಲ್ಲಿ ೨೦೧೩ರ ನವೆಂಬರಿನಿಂದ ಧ್ವನಿಮುದ್ರಣದ ಹಕ್ಕಿನ ಅವಧಿ ೫೦ ವರ್ಷಗಳಿಂದ ೭೦ ವರ್ಷಗಳಿಗೆ ಏರಿತು. ಅದರ ಜೊತೆಗೆ ಬಂದ ನಿಬಂಧನೆಯೊಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ೫೦ ವರ್ಷ ಕಳೆದ ಮೇಲೂ ಕಂಪೆನಿಯು ಮುದ್ರಣವನ್ನು ಜನರಿಗೆ ದೊರಕುವಂತೆ ಮಾಡದಿದ್ದರೆ ಕಲಾವಿದನು ನೋಟೀಸು ಕೊಟ್ಟು, ಒಂದು ವರ್ಷ ಕಾದು, ತನ್ನ ಹಕ್ಕನ್ನು ಹಿಂದಕ್ಕೆ ಪಡೆಯಬಹುದು. ಮೂಲೆಗೆ ಬಿದ್ದ ಕೃತಿಯ ಕರ್ತೃವಿಗೆ ಇದು ಸಣ್ಣ ಅಸ್ತ್ರವಲ್ಲ.

ನಮ್ಮ ದೇಶಕ್ಕೂ ಈ ಕಥೆಯ ಎಳೆಯೊಂದು ತಾಕುತ್ತದೆ. ಆ ಕಾಲದಲ್ಲಿ ಬೊಂಬಾಯಿ, ಕಲ್ಕತ್ತ, ಮದರಾಸು, ಬೆಂಗಳೂರುಗಳಲ್ಲಿಯೂ ಗಿಟಾರು ಹಿಡಿದ ತರುಣರ ತಂಡಗಳಿದ್ದವು. ಸಿಗರೇಟು ಕಂಪೆನಿಯೊಂದರ ಆಶ್ರಯದಲ್ಲಿ ‘ಸಿಮ್ಲಾ ಬೀಟ್’ ಎಂಬ ಅಖಿಲ ಭಾರತ ಸ್ಪರ್ಧೆ ನಡೆದು, ೧೯೭೦ ಮತ್ತು ೧೯೭೧ರಲ್ಲಿ ಸ್ಪರ್ಧಿಗಳ ಹಾಡುಗಳ ಎರಡು ರಿಕಾರ್ಡುಗಳು ಹೊರಬಂದವು. ಇಂದು ಅವನ್ನು ಹುಡುಕುವವರು ವಿದೇಶಗಳಲ್ಲಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಮನೆತನದ ಬಿದ್ದು ಅಪ್ಪಯ್ಯ ಇಲ್ಲಿ ‘ಟ್ರೋಜನ್ಸ್’ ತಂಡದಲ್ಲಿ ಹಾಡಿ, ಆ ದಶಕದಲ್ಲೇ ಇಂಗ್ಲೆಂಡಿಗೆ ಹೋಗಿ, ೧೯೭೪ರಲ್ಲಿ ಕಾರ್ಲ್ ಡಗ್ಲಾಸ್ ಹಾಡಿದ ‘ಕುಂಗ್‌ಫು ಫೈಟಿಂಗ್’ ನಿರ್ಮಿಸಿ ಲೋಕಪ್ರಸಿದ್ಧರಾದರು. ಅವರ ಓರಗೆಯ ಎಷ್ಟೋ ಹುಡುಗರ ದನಿ ತಟ್ಟೆಯ ಮೇಲೆ ಮೂಡಲೇ ಇಲ್ಲ. ಇಂಗ್ಲೆಂಡಿನಲ್ಲಿ ಸೋತವರಿಗೆ ರಿಕಾರ್ಡಾದರೂ ಉಳಿಯಿತು. ಇಲ್ಲಿ ಹೋಟೆಲುಗಳಲ್ಲೂ ಕಾಲೇಜು ಸಭಾಂಗಣಗಳಲ್ಲೂ ಹಾಡಿದವರಿಗೆ, ಕೇಳಿದವರ ನೆನಪೊಂದೇ ರಿಕಾರ್ಡು. ಆ ನೆನಪಿನವರೂ ಈಗ ಎಂಬತ್ತರ ಅಂಚಿನಲ್ಲಿದ್ದಾರೆ. ಅವರನ್ನು ಮಾತನಾಡಿಸಿ ಬರೆದಿಡುವುದೂ ಸಂಗ್ರಹದ ಕೆಲಸವೇ.

ಹಾಗಾದರೆ ಒಳ್ಳೆಯ ಸಂಗ್ರಾಹಕನನ್ನು ಗುರುತಿಸುವುದು ಹೇಗೆ? ತನ್ನ ಕಪಾಟಿನ ವಸ್ತು ಮತ್ತೊಬ್ಬರಲ್ಲಿಲ್ಲವೆಂದು ಹಿಗ್ಗುವವನು ವ್ಯಾಪಾರಿಗೆ ಹತ್ತಿರದವನು. ತನ್ನಲ್ಲಿರುವ ಅಪರೂಪದ ತಟ್ಟೆ ಮರುಮುದ್ರಣಗೊಂಡು, ಅದರ ಬೆಲೆ ಇಳಿದು, ಹಾದಿಹೋಕನೂ ಅದನ್ನು ಕೇಳುವಂತಾದಾಗ ಸಂತೋಷಪಡುವವನು ರಸಿಕ. ವಾಶ್ಟಿ ಬನ್ಯನ್ ಅವರ ಕೆಲವೇ ನೂರು ಪ್ರತಿಗಳನ್ನು ಕಾಪಾಡಿದವರಲ್ಲಿ ಎರಡು ಬಗೆಯವರೂ ಇದ್ದಿರಬೇಕು. ಆದರೆ ಆಕೆ ಅರುವತ್ತರ ವಯಸ್ಸಿನಲ್ಲಿ ಮತ್ತೆ ಗಿಟಾರನ್ನು ಕೈಗೆತ್ತಿಕೊಳ್ಳುವಂತಾದದ್ದು, ತಾವು ಕೇಳಿದ್ದನ್ನು ಪಕ್ಕದವರಿಗೂ ಕೇಳಿಸಿದವರಿಂದ. ವಾಚಕರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ರಿಕಾರ್ಡುಗಳ ಪೆಟ್ಟಿಗೆಯಿದ್ದರೆ ಗುಜರಿಯವನಿಗೆ ಹಾಕುವ ಮೊದಲು ಚೀಟಿಯ ಮೇಲಿನ ಹೆಸರನ್ನು ಒಮ್ಮೆ ಓದಿನೋಡಬೇಕು. ಆ ಹೆಸರಿನವರು ಇನ್ನೂ ಬದುಕಿರಬಹುದು. ತಮ್ಮನ್ನು ಯಾರೂ ಕೇಳಲಿಲ್ಲವೆಂದೇ ತಿಳಿದುಕೊಂಡಿರಬಹುದು.